ಸಂಜೆಯ ಲೋಕಲ್‌ನಿಂದ ಇಳಿದವರು ಕಟ್ಟಿದ ಊರುಗಳು

ಕುಂದಾಪುರದ ಕಡೆಯ ಮದುವೆ ಮನೆಯಲ್ಲಿ ಯಾರಾದರೂ ‘ಈಗ ಎಲ್ಲಿರೂದು?’ ಎಂದು ಕೇಳಿದರೆ, ಡೊಂಬಿವಲಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರೂ ‘ಬೊಂಬಾಯಿ’ ಎಂದೇ ಹೇಳುತ್ತಾರೆ. ಕಲ್ಯಾಣದವರದ್ದೂ ಅದೇ ಉತ್ತರ, ಥಾಣೆಯವರದ್ದೂ ಅದೇ. ಕೇಳಿದವರಿಗೆ ಥಟ್ಟನೆ ಅರ್ಥವಾಗಲಿ ಎಂದು ಹಾಗೆ ಹೇಳುವುದು. ಆದರೆ 2011ರ ಜನಗಣತಿಯನ್ನು ತೆರೆದು ನೋಡಿ: ಥಾಣೆ ಮಹಾನಗರದಲ್ಲಿ 18 ಲಕ್ಷಕ್ಕೂ ಹೆಚ್ಚು ಜನ, ಕಲ್ಯಾಣ-ಡೊಂಬಿವಲಿಯಲ್ಲಿ 12 ಲಕ್ಷಕ್ಕೂ ಹೆಚ್ಚು, ನವಿಮುಂಬಯಿಯಲ್ಲಿ 11 ಲಕ್ಷಕ್ಕೂ ಹೆಚ್ಚು. ಅದೇ ಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಲೆಕ್ಕ 9.43 ಲಕ್ಷ. ಅಂದರೆ ನಾಲ್ಕು ಹುಬ್ಬಳ್ಳಿ-ಧಾರವಾಡ ಸೇರಿದರೂ ಈ ಮೂರು ಪಾಲಿಕೆಗಳ ಜನಸಂಖ್ಯೆಗೆ ಸಮನಾಗುವುದಿಲ್ಲ. ಇಷ್ಟು ದೊಡ್ಡ ಊರುಗಳು ತಮ್ಮ ಗುರುತು ಹೇಳಿಕೊಳ್ಳಲು ಇಂದಿಗೂ ಪಕ್ಕದ ಊರಿನ ಹೆಸರನ್ನು ಆಶ್ರಯಿಸಬೇಕಾಗಿದೆ.

ಈ ಊರುಗಳ ಪರವಾಗಿ ಮಾತಾಡಿದವರು, ಬರೆದವರು, ಸಂಸ್ಥೆ ಕಟ್ಟಿದವರು ಯಾರು ಎಂದು ಹುಡುಕಿದರೆ ಸಿಗುವವರಲ್ಲಿ ಹೆಚ್ಚಿನವರು ಸಂಬಳದ ಜನ. ಗುಮಾಸ್ತರು, ಮಾಸ್ತರರು, ಡಾಕ್ಟರು, ವಕೀಲರು, ಇಂಜಿನಿಯರುಗಳು, ಬ್ಯಾಂಕಿನವರು. ಬೆಳಿಗ್ಗೆ ಲೋಕಲ್ ಹಿಡಿದು ಮುಂಬಯಿಗೆ ದುಡಿಯಲು ಹೋಗಿ, ಸಂಜೆ ಇಳಿದ ಮೇಲೆ ಉಳಿದ ಒಂದೆರಡು ಗಂಟೆಯನ್ನೂ ಭಾನುವಾರವನ್ನೂ ತಾವಿದ್ದ ಊರಿಗೆ ಕೊಟ್ಟವರು. ಇವರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಗುಣವೊಂದಿದೆ. ಸಂಸ್ಕೃತಿಯನ್ನೂ ದುಡ್ಡಿನ ವ್ಯವಹಾರವನ್ನೂ ಇವರು ಬೇರೆ ಬೇರೆ ಕೋಣೆಯಲ್ಲಿ ಇಡಲಿಲ್ಲ. ವಾಚನಾಲಯ ಕಟ್ಟಿದ ಮನಸ್ಸೇ ಬ್ಯಾಂಕನ್ನೂ ಕಟ್ಟಿತು. ಹಬ್ಬದ ಮೆರವಣಿಗೆಗೆ ಹೊರಟವರೇ ಅಂಗಡಿ ಬೀದಿಯನ್ನೂ ಉಳಿಸಿಕೊಂಡರು.

ಈ ಊರುಗಳಿಗೆ ‘ಮುಂಬಯಿಯ ಮಲಗುವ ಕೋಣೆ’ ಎಂಬ ಹೆಸರು ಅಂಟಿದ್ದಕ್ಕೆ ಕಾರಣ ರೈಲು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿ ಬಂದರಿನಿಂದ ಹೊರಟು 34 ಕಿಲೋಮೀಟರ್ ಓಡಿ ನಿಂತದ್ದು ಥಾಣೆಯಲ್ಲಿ. ಮರುವರ್ಷವೇ ಹಳಿ ಕಲ್ಯಾಣ ಮುಟ್ಟಿತು. ಅಲ್ಲಿಂದ ಮುಂದೆ ಒಂದು ದಾರಿ ನಾಸಿಕದ ಕಡೆಗೆ, ಇನ್ನೊಂದು ಪುಣೆಯ ಕಡೆಗೆ ಕವಲೊಡೆಯಿತು. ನಮ್ಮ ಕಡೆಯಿಂದ ಸೊಲ್ಲಾಪುರ, ಪುಣೆ ಮಾರ್ಗವಾಗಿ ಮುಂಬಯಿಗೆ ಹೊರಟವರೆಲ್ಲ ಕಲ್ಯಾಣವನ್ನು ಹಾದೇ ಹೋಗಬೇಕಿತ್ತು. ಮುಂಬಯಿಯೊಳಗೆ ಬಾಡಿಗೆ ಕೈಗೆಟುಕದಂತಾದಾಗ ಮಧ್ಯಮವರ್ಗ ಇದೇ ಹಳಿ ಹಿಡಿದು ಹೊರಗೆ ಬಂತು. ದಾದರ್, ಗಿರಗಾಂವ್‌ನ ಚಾಳುಗಳಿಂದ ಬಂದವರು ಡೊಂಬಿವಲಿಯಲ್ಲಿ ಮನೆ ಮಾಡಿದರು. ಅವರ ಸಂಬಳ ಮುಂಬಯಿಯಲ್ಲೇ ಉಳಿಯಿತು, ನಿದ್ದೆ ಮಾತ್ರ ಇಲ್ಲಿಗೆ ಬಂತು.

ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಎಂಟರ ಹೊತ್ತಿಗೆ ನಿಂತವರಿಗೆ ಈ ವ್ಯವಸ್ಥೆಯ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಫಾಸ್ಟ್ ಲೋಕಲ್ ಬರುವ ಮುಂಚೆಯೇ ಜನ ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳುತ್ತಾರೆ. ಗಾಡಿ ನಿಲ್ಲುವ ಮೊದಲೇ ಬಾಗಿಲಿನ ಕಂಬಿಗೆ ಕೈಗಳು ಹೋಗಿರುತ್ತವೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಒಬ್ಬರಿಗೊಬ್ಬರು ತಾಗಿ ಕೆಳಗೆ ಬಿದ್ದರು, ಹಲವರು ಜೀವ ಕಳೆದುಕೊಂಡರು. ಕೆಲಸ ಮನೆಯ ಹತ್ತಿರ ಬರಬೇಕು ಎಂದು ಈ ಊರಿನವರು ಹೇಳುವಾಗ ಅದು ಅರ್ಥಶಾಸ್ತ್ರದ ಚರ್ಚೆಯಷ್ಟೇ ಆಗಿರುವುದಿಲ್ಲ, ಮನೆಯವರು ರಾತ್ರಿ ಊಟಕ್ಕೆ ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆಯೂ ಆಗಿರುತ್ತದೆ.

ಮಲಗುವ ಕೋಣೆ ಎಂಬ ಹೆಸರು ಚರಿತ್ರೆಯ ದೃಷ್ಟಿಯಿಂದಲೂ ಅನ್ಯಾಯ. ಮುಂಬಯಿ ಇನ್ನೂ ಏಳು ದ್ವೀಪಗಳಾಗಿದ್ದಾಗ ಕಲ್ಯಾಣ ಬಂದರಾಗಿತ್ತು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ನಲ್ಲಿ ಅದರ ಹೆಸರಿದೆ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ದಾನ ಕೊಟ್ಟವರ ಸಾಲಿನಲ್ಲಿ ಕಲ್ಯಾಣದ ವರ್ತಕರು ಮತ್ತೆ ಮತ್ತೆ ಬರುತ್ತಾರೆ. ಕಲ್ಯಾಣ ಎಂದರೆ ಬಸವಣ್ಣನ ಕಲ್ಯಾಣ ಎಂದೇ ತಿಳಿಯುವ ನಮಗೆ ಈ ಇನ್ನೊಂದು ಕಲ್ಯಾಣದ ಪರಿಚಯ ಕಡಿಮೆ. ಆದರೆ ಇಲ್ಲಿಯೂ ಕನ್ನಡದ ನಂಟಿದೆ. ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಸ್ಥಾನಕ, ಅಂದರೆ ಇಂದಿನ ಥಾಣೆ, ಅವರ ರಾಜಧಾನಿ. ಒಂಬತ್ತನೆಯ ಶತಮಾನದ ಕಾನ್ಹೇರಿಯ ಶಾಸನಗಳು ಶಿಲಾಹಾರ ಪುಲ್ಲಶಕ್ತಿ ಮತ್ತು ಕಪರ್ದಿಯ ಹೆಸರಿನ ಜೊತೆಗೆ ಅವರ ಅಧಿರಾಜನೆಂದು ಅಮೋಘವರ್ಷನನ್ನು ಹೆಸರಿಸುತ್ತವೆ. ಕವಿರಾಜಮಾರ್ಗದ ಮೂಲಕ ನಾವು ಬಲ್ಲ ಅದೇ ನೃಪತುಂಗ. 1060ರ ಶಾಸನವಿರುವ ಅಂಬರನಾಥದ ಶಿವಾಲಯ ಕಲ್ಯಾಣದಿಂದ ಲೋಕಲ್‌ನಲ್ಲಿ ಕೆಲವೇ ನಿಮಿಷದ ದಾರಿ. ಅಲ್ಲಿಯ ಹೊರಗೋಡೆಯ ಶಿಲ್ಪಗಳನ್ನು ನೋಡಿದ ಕನ್ನಡಿಗರಿಗೆ ಪರವೂರಿಗೆ ಬಂದ ಭಾವನೆ ಬರಲಾರದು.

ಈ ಸಂಗತಿಗಳೆಲ್ಲ ಪಠ್ಯಪುಸ್ತಕದಿಂದ ಜನರಿಗೆ ತಲುಪಲಿಲ್ಲ. ಥಾಣೆಯಲ್ಲಿ ಸದಾಶಿವ ಟೇಟವಿಲಕರ್ ಅವರಂಥ ಸ್ಥಳೀಯ ಇತಿಹಾಸಕಾರರು ಕೋಟೆ, ವೀರಗಲ್ಲು, ಒಡೆದ ಮೂರ್ತಿಗಳ ಬೆನ್ನುಹತ್ತಿ ಹೋಗಿ ಮರಾಠಿಯಲ್ಲಿ ಬರೆದರು. ಪತ್ರಿಕೆಯ ಸ್ಥಳೀಯ ಪುರವಣಿಯಲ್ಲಿ, ಕಾಲೇಜಿನ ಸಭೆಯಲ್ಲಿ, ರವಿವಾರ ಬೆಳಗಿನ ಪರಂಪರೆಯ ನಡಿಗೆಯಲ್ಲಿ ಇಂಥವರು ಹೇಳುತ್ತ ಬಂದದ್ದರಿಂದ ಮಾಸುಂದಾ ಕೆರೆಯ ದಂಡೆಯ ಕೋಪಿನೇಶ್ವರ ದೇವಾಲಯದ ಮುಂದೆ ಪಾನಿಪೂರಿ ತಿನ್ನುವ ಹುಡುಗರಿಗೂ ‘ಇದು ಶಿಲಾಹಾರರ ಊರು’ ಎಂಬ ಮಾತು ಗೊತ್ತು.

ಬರೆಯುವುದಕ್ಕೆ ಮೊದಲು ಓದುವ ಜನ ಬೇಕು. ಅದರ ಅಡಿಪಾಯ ಬಹಳ ಹಿಂದೆಯೇ ಬಿದ್ದಿತ್ತು. ಕಲ್ಯಾಣದ ಸಾರ್ವಜನಿಕ ವಾಚನಾಲಯ ಆರಂಭವಾದದ್ದು 1864ರಲ್ಲಿ. ಅದರ ಮರುವರ್ಷ ಇದೇ ಊರಿನಲ್ಲಿ ಯಮುನಾ ಎಂಬ ಹುಡುಗಿ ಹುಟ್ಟಿದಳು. ಮುಂದೆ ಅಮೆರಿಕಕ್ಕೆ ಹೋಗಿ 1886ರಲ್ಲಿ ವೈದ್ಯಕೀಯ ಪದವಿ ಪಡೆದ ಡಾ. ಆನಂದಿಬಾಯಿ ಜೋಶಿ ಅವಳೇ. ಥಾಣೆಯಲ್ಲಿ 1866ರ ಹೊತ್ತಿಗೆ ‘ಅರುಣೋದಯ’ ಎಂಬ ಪತ್ರಿಕೆ ಹೊರಡುತ್ತಿತ್ತು. 1893ರಲ್ಲಿ ಅಲ್ಲಿ ಮರಾಠಿ ಗ್ರಂಥ ಸಂಗ್ರಹಾಲಯ ಹುಟ್ಟಿತು. ಮರಾಠಿಯಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಒಂದು ಕಡೆ ಇರಬೇಕು ಎಂದು ಹಂಬಲಿಸಿದವರಲ್ಲಿ ಮುಖ್ಯರು ವಿನಾಯಕ ಲಕ್ಷ್ಮಣ ಭಾವೆ. ಮರಾಠಿ ಸಾಹಿತ್ಯದ ಚರಿತ್ರೆಯಾದ ‘ಮಹಾರಾಷ್ಟ್ರ ಸಾರಸ್ವತ’ವನ್ನು ಬರೆದವರೂ ಅವರೇ. ನಮ್ಮಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿತೆಂಬುದನ್ನು ನೆನೆದರೆ, ಆಗ ಬಾಂಬೆ ಪ್ರಾಂತ್ಯದ ಸಣ್ಣ ಊರುಗಳಲ್ಲಿ ಬೀಸುತ್ತಿದ್ದ ಗಾಳಿ ಯಾವುದೆಂದು ತಿಳಿಯುತ್ತದೆ. ಓದಿನ ಜೊತೆಗೆ ಸಂಗೀತವೂ ಇತ್ತು. 1926ರಲ್ಲಿ ಸ್ಥಾಪನೆಯಾದ ಕಲ್ಯಾಣ ಗಾಯನ ಸಮಾಜದ ದೇವಗಂಧರ್ವ ಉತ್ಸವ ಗಾಯಕ ಭಾಸ್ಕರಬುವಾ ಬಖಲೆಯವರ ನೆನಪಿನದು. ಅವರು ಧಾರವಾಡದಲ್ಲಿ ಸಂಗೀತ ಕಲಿಸಿದವರು ಎಂಬುದನ್ನು ಅಲ್ಲಿಯ ಹಿರಿಯರು ಇನ್ನೂ ಹೇಳುತ್ತಾರೆ.

ಈ ಓದಿನ ಪರಂಪರೆಯ ಇಂದಿನ ರೂಪವನ್ನು ನೋಡಬೇಕಾದರೆ ಡೊಂಬಿವಲಿಗೆ ಹೋಗಬೇಕು. ಪು.ಭಾ. ಭಾವೆ, ಶಂ.ನಾ. ನವರೆ ಅವರಂಥ ಲೇಖಕರು ಬಾಳಿದ ಊರು ಅದು. 2017ರ ಫೆಬ್ರವರಿಯಲ್ಲಿ 90ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಅಲ್ಲಿಯೇ. ಅಲ್ಲಿ 1986ರಲ್ಲಿ ಪುಂಡಲೀಕ ಪೈ ಸಣ್ಣ ಮಟ್ಟದಲ್ಲಿ ಶುರುಮಾಡಿದ ‘ಫ್ರೆಂಡ್ಸ್ ಲೈಬ್ರರಿ’ ಎಂಬ ಖಾಸಗಿ ಗ್ರಂಥಾಲಯವಿದೆ. ಪುಸ್ತಕವನ್ನು ಬಾಡಿಗೆಗೆ ಕೊಡುವ ವ್ಯವಹಾರ ದೇಶದ ಹೆಚ್ಚಿನ ಊರುಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿಕೊಂಡಿತು. ಬೆಂಗಳೂರಿನ ಬಡಾವಣೆಗಳಲ್ಲಿ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಎಲ್ಲಿ ಹೋದವು ಎಂದು ನಮಗೆಲ್ಲ ಗೊತ್ತು. ಡೊಂಬಿವಲಿಯದು ಉಳಿಯಿತು, ಬೆಳೆಯಿತು, ಊರಿನ ಹಬ್ಬಗಳಲ್ಲಿ ಒಂದಾಯಿತು.

ಅವರು ನಡೆಸುವ ಪುಸ್ತಕ ವಿನಿಮಯದ ಕ್ರಮ ಬಹಳ ಸರಳ. ಓದಿ ಮುಗಿದ, ಆದರೆ ಇನ್ನೂ ಓದಿಸಿಕೊಳ್ಳುವ ಸ್ಥಿತಿಯಲ್ಲಿರುವ ಪುಸ್ತಕವನ್ನು ನೀವು ತರುತ್ತೀರಿ. ಇನ್ನಾರೋ ತಂದದ್ದನ್ನು ಒಯ್ಯುತ್ತೀರಿ. ಮೇಜಿನ ಮೇಲೆ ಕವುಚಿ ಹಾಕಿದ ರಾಶಿಯಲ್ಲಿ ಕೈ ಆಡಿಸಿದರೆ ಮೊದಲ ಪುಟಗಳೇ ಒಂದು ಕಥೆ ಹೇಳುತ್ತವೆ: ಮದುವೆಗೆ ಉಡುಗೊರೆ ಕೊಟ್ಟವರ ಸಹಿ, ಶಾಲೆಯ ಬಹುಮಾನದ ಮೊಹರು, ರೈಲ್ವೆ ಸ್ಟಾಲಿನ ಬೆಲೆಯ ಚೀಟಿ, ಅಪ್ಪನ ಹೆಸರಿನ ಕೆಳಗೆ ಮಗಳ ಹೆಸರು. ಮನೆ ಸಣ್ಣದು, ಕಪಾಟು ಇನ್ನೂ ಸಣ್ಣದು, ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು, ಅಪ್ಪನ ಪುಸ್ತಕ ರದ್ದಿಯವನ ಪಾಲಾಗುವ ಮುಂಚೆ ಇಲ್ಲಿಗೆ ಬಂತು. ಎರಡು ಕೋಣೆಯ ಫ್ಲಾಟುಗಳ ಊರಿಗೆ ಇದಕ್ಕಿಂತ ಹೊಂದುವ ಸಾಹಿತ್ಯ ಸೇವೆ ನನಗೆ ಕಾಣದು. ಪೈಗಳೆಂಬ ಹೆಸರನ್ನು ಕೇಳಿದಾಗ ಕರಾವಳಿಯ ನಮಗೆ ಸಹಜವಾಗಿಯೇ ಅಭಿಮಾನವಾಗುತ್ತದೆ. ಆದರೆ ಈ ಕೆಲಸ ನಡೆದದ್ದು ಡೊಂಬಿವಲಿಯ ಮಣ್ಣಿನಲ್ಲಿ, ಬಹುಪಾಲು ಮರಾಠಿ ಓದುಗರ ಬಲದಿಂದ.

ಇನ್ನು ಬ್ಯಾಂಕಿನ ವಿಷಯ. ನನಗೆ ಈ ಊರುಗಳ ಚರಿತ್ರೆಯಲ್ಲಿ ಅತ್ಯಂತ ಮಹತ್ವದ್ದೆನಿಸುವುದು ಇದೇ. 1970ರಲ್ಲಿ ಡೊಂಬಿವಲಿ ನಾಗರಿ ಸಹಕಾರಿ ಬ್ಯಾಂಕ್, 1972ರಲ್ಲಿ ಥಾಣೆ ಜನತಾ ಸಹಕಾರಿ ಬ್ಯಾಂಕ್, 1973ರಲ್ಲಿ ಕಲ್ಯಾಣ ಜನತಾ ಸಹಕಾರಿ ಬ್ಯಾಂಕ್. ನಾಲ್ಕೇ ವರ್ಷದೊಳಗೆ ಒಂದೇ ರೈಲು ಮಾರ್ಗದ ಮೂರು ಊರುಗಳು ತಮ್ಮ ತಮ್ಮ ಬ್ಯಾಂಕನ್ನು ಕಟ್ಟಿಕೊಂಡವು. ಇದರ ಒಳಮರ್ಮ ಸ್ವಲ್ಪ ಬಿಡಿಸಿ ನೋಡಬೇಕು.

ಸಂಬಳ ಮುಂಬಯಿಯಲ್ಲಿ ಹುಟ್ಟುತ್ತದೆ. ಅದು ಮುಂಬಯಿಯ ದೊಡ್ಡ ಬ್ಯಾಂಕಿನಲ್ಲೇ ಕುಳಿತರೆ ಸಾಲವಾಗಿ ಹೋಗುವುದು ಯಾವುದೋ ದೊಡ್ಡ ಕಂಪನಿಗೆ. ಡೊಂಬಿವಲಿಯಲ್ಲಿ ಝೆರಾಕ್ಸ್ ಅಂಗಡಿ ಇಡಬೇಕೆಂದವನಿಗೆ, ಕಲ್ಯಾಣದಲ್ಲಿ ಲೇತ್ ಮೆಷಿನ್ ಹಾಕಬೇಕೆಂದವನಿಗೆ, ಥಾಣೆಯಲ್ಲಿ ದವಾಖಾನೆ ತೆರೆಯಬೇಕೆಂದ ಹೊಸ ಡಾಕ್ಟರಿಗೆ ಅಲ್ಲಿ ಪರಿಚಯವೇ ಇಲ್ಲ. ಸಹಕಾರಿ ಬ್ಯಾಂಕಿನಲ್ಲಿ ಅದೇ ಸಂಬಳದ ಒಂದು ಪಾಲು ಊರಿನ ಠೇವಣಿಯಾಗುತ್ತದೆ. ಸಾಲ ಕೇಳಲು ಬಂದವನ ಅಪ್ಪ ಯಾರು, ಅಂಗಡಿ ಎಲ್ಲಿ, ಸಂಜೆ ಎಷ್ಟು ಗಿರಾಕಿ ಬರುತ್ತಾರೆ ಎಂಬುದು ನಿರ್ದೇಶಕ ಮಂಡಳಿಯಲ್ಲಿ ಕುಳಿತ ವಕೀಲರಿಗೆ, ಲೆಕ್ಕಪರಿಶೋಧಕರಿಗೆ ಕಣ್ಣಾರೆ ಗೊತ್ತಿರುತ್ತದೆ. ಒಂದು ಶೇರು ಕೊಂಡವನಿಗೂ ನೂರು ಶೇರು ಕೊಂಡವನಿಗೂ ಒಂದೇ ಮತ. ಹೀಗೆ ಮುಂಬಯಿಯಲ್ಲಿ ದುಡಿದ ಹಣ ಡೊಂಬಿವಲಿಯ ಅಂಗಡಿಯಾಗಿ, ಕಲ್ಯಾಣದ ವರ್ಕ್‌ಶಾಪಾಗಿ ಊರಲ್ಲೇ ನಿಂತಿತು.

ಕನ್ನಡಿಗರಿಗೆ ಇದು ಹೊಸ ಪಾಠವೇನಲ್ಲ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ತಳಹದಿ ಬಿತ್ತು, 1928ರಲ್ಲಿ ಅದರ ಪಿಗ್ಮಿ ಸಂಗ್ರಹ ಶುರುವಾಗಿ ಬೀದಿ ಬದಿಯ ಮೀನಿನವಳ ಎರಡಾಣೆಯೂ ಬ್ಯಾಂಕಿನ ಲೆಕ್ಕಕ್ಕೆ ಬಂತು. ಡಾಕ್ಟರಾಗಿದ್ದ ಟಿ.ಎಂ.ಎ. ಪೈಗಳು ಬ್ಯಾಂಕನ್ನೂ ಕಟ್ಟಿದರು, ಕಾಲೇಜನ್ನೂ ಕಟ್ಟಿದರು. ಅದೇ ಬಗೆಯ ಆಲೋಚನೆ ಎಪ್ಪತ್ತರ ದಶಕದ ಥಾಣೆ-ಡೊಂಬಿವಲಿಯ ಮಧ್ಯಮವರ್ಗದಲ್ಲೂ ಕೆಲಸ ಮಾಡಿದೆ. ವ್ಯತ್ಯಾಸ ಒಂದಿದೆ. ನಮ್ಮ ಕರಾವಳಿಯ ಹಲವು ಬ್ಯಾಂಕುಗಳು ರಾಷ್ಟ್ರೀಕರಣಗೊಂಡು, ವಿಲೀನಗೊಂಡು, ಸಿಂಡಿಕೇಟ್ ಎಂಬ ಹೆಸರೂ 2020ರಲ್ಲಿ ಮಾಯವಾಯಿತು. ಥಾಣೆ, ಡೊಂಬಿವಲಿ, ಕಲ್ಯಾಣದ ಆ ಮೂರು ಸಹಕಾರಿ ಬ್ಯಾಂಕುಗಳು ಇನ್ನೂ ನಡೆಯುತ್ತಿವೆ.

ಉದ್ಯಮದ ಕಡೆಗೂ ಒಂದು ನೋಟ ಹಾಯಿಸಬೇಕು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಆರಂಭವಾದದ್ದೇ ಥಾಣೆಯ ವಾಗ್ಳೆ ಎಸ್ಟೇಟಿನಿಂದ. ಡೊಂಬಿವಲಿಯಲ್ಲಿ ವಿಕೋ ಕಾರ್ಖಾನೆ ಬಂತು. ರೇಡಿಯೋ, ಟಿ.ವಿ.ಯಲ್ಲಿ ವಜ್ರದಂತಿಯ ಜಾಹೀರಾತು ಕೇಳಿ ಬೆಳೆದ ನಮಗೆ ಅದರ ಪುಡಿ ಎಲ್ಲಿ ತಯಾರಾಗುತ್ತದೆ ಎಂದು ಗೊತ್ತಿರಲಿಲ್ಲ. ಅದರ ಸ್ಥಾಪಕ ಕೇಶವ ವಿಷ್ಣು ಪೆಂಢಾರಕರರ ಹೆಸರಿನ ಕಾಲೇಜು ಡೊಂಬಿವಲಿಯಲ್ಲಿದೆ. ಕಾರ್ಖಾನೆ, ಕಾಲೇಜು, ಬ್ಯಾಂಕು, ವಾಚನಾಲಯ ಒಂದೇ ಊರಿನಲ್ಲಿ ಒಂದಕ್ಕೊಂದು ಆಸರೆಯಾಗಿ ನಿಂತದ್ದರಿಂದಲೇ ಡೊಂಬಿವಲಿಗೆ ಒಂದು ಮುಖ ಬಂತು.

ಆ ಮುಖವನ್ನು ಊರೇ ನೋಡಿಕೊಳ್ಳುವ ದಿನ ಯುಗಾದಿ. ಮರಾಠಿಗರ ಗುಡಿ ಪಾಡ್ವ. ತೊಂಬತ್ತರ ದಶಕದ ಕೊನೆಯಲ್ಲಿ ಡೊಂಬಿವಲಿಯ ಗಣೇಶ ಮಂದಿರ ಸಂಸ್ಥಾನದವರು ಹೊಸ ವರ್ಷದ ಸ್ವಾಗತಯಾತ್ರೆಯನ್ನು ಶುರುಮಾಡಿದರು. ಬೆಳಿಗ್ಗೆ ಬೇಗನೆ ಪಾಲಕಿ ಹೊರಡುತ್ತದೆ. ಹಿಂದೆ ಶಾಲೆಗಳು, ವ್ಯಾಯಾಮಶಾಲೆಗಳು, ಡಾಕ್ಟರುಗಳ ಸಂಘ, ಮಹಿಳಾ ಮಂಡಳಗಳು, ಪರಿಸರದವರು ತಮ್ಮ ತಮ್ಮ ಚಿತ್ರರಥದೊಂದಿಗೆ ಬರುತ್ತಾರೆ. ಒಂಬತ್ತು ಗಜದ ಸೀರೆ ಉಟ್ಟ ಹುಡುಗಿಯರು ಬುಲೆಟ್ ಮೋಟಾರ್‌ಸೈಕಲ್ ಏರಿ, ಮೂಗಿಗೆ ನತ್ತು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಹೋಗುತ್ತಾರೆ. ಡೋಲು-ತಾಶೆಯ ಪಥಕಗಳು ಫಡ್ಕೆ ರೋಡನ್ನು ನಡುಗಿಸುತ್ತವೆ. ಇದನ್ನು ಆಮೇಲೆ ಥಾಣೆ ಹಿಡಿಯಿತು, ಗಿರಗಾಂವ್ ಹಿಡಿಯಿತು, ಇಂದು ರಾಜ್ಯದ ಊರೂರಿನಲ್ಲೂ ಇದೆ. ಟಿ.ವಿ.ಯಲ್ಲಿ ತೋರಿಸುವುದು ಹೆಚ್ಚಾಗಿ ಗಿರಗಾಂವ್‌ನದ್ದನ್ನು. ಹುಟ್ಟಿದ್ದು ಡೊಂಬಿವಲಿಯಲ್ಲಿ. ಮಹಾನಗರದಿಂದ ಉಪನಗರಕ್ಕೆ ಬರುವುದೇ ರೂಢಿಯಾಗಿದ್ದ ಕಾಲದಲ್ಲಿ ಒಂದು ಆಚರಣೆ ಉಪನಗರದಿಂದ ಮಹಾನಗರಕ್ಕೆ ಹೋಯಿತೆಂಬುದು ಸಣ್ಣ ಮಾತಲ್ಲ.

ದೀಪಾವಳಿಯ ನರಕ ಚತುರ್ದಶಿಯ ಬೆಳಿಗ್ಗೆ ಇದೇ ಫಡ್ಕೆ ರೋಡಿನಲ್ಲಿ ಹೊಸ ಬಟ್ಟೆ ಹಾಕಿದ ಹುಡುಗ ಹುಡುಗಿಯರು ಸೇರುತ್ತಾರೆ. ಥಾಣೆಯ ರಾಮ್ ಮಾರುತಿ ರೋಡಿನಲ್ಲೂ ಹಾಗೆಯೇ. ಊರಿನಿಂದ ಬೇರೆ ಕಡೆ ಹೋಗಿ ನೆಲೆಸಿದವರು ಅವತ್ತು ತಪ್ಪದೇ ಬಂದು ಹಳೆಯ ಸ್ನೇಹಿತರನ್ನು ಅಲ್ಲೇ ಭೇಟಿಯಾಗುತ್ತಾರೆ. ಆ ಎರಡು ಮೂರು ದಿನ ಬಟ್ಟೆ ಅಂಗಡಿಯಲ್ಲಿ, ಹೂವಿನವರಲ್ಲಿ, ಫರಾಳ ಎಂಬ ಹಬ್ಬದ ತಿಂಡಿಯ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾಲ್ ಬಂದ ಮೇಲೂ ಹಳೆಯ ಬೀದಿಯ ಅಂಗಡಿ ಉಳಿದಿದ್ದರೆ ಅದರಲ್ಲಿ ಇಂಥ ಭೇಟಿಗಳ ಪಾಲು ದೊಡ್ಡದು.

ತಿಂಡಿಯ ಮಾತು ಬಿಟ್ಟರೆ ಈ ಬರಹ ಪೂರ್ತಿಯಾಗದು. ಕಲ್ಯಾಣದಲ್ಲಿ ‘ಖಿಡ್ಕಿ ವಡಾ’ ಎಂದರೆ ಎಲ್ಲರಿಗೂ ಗೊತ್ತು. ಒಂದು ಕುಟುಂಬ ಮನೆಯೊಳಗೆ ಬಟಾಟೆ ವಡೆ ಕರಿದು ಕಿಟಕಿಯಿಂದಲೇ ಕೊಟ್ಟದ್ದು ಕೊನೆಗೆ ಊರಿನ ಹೆಗ್ಗುರುತಾಯಿತು. ಥಾಣೆಯಲ್ಲಿ ಮಾಮ್ಲೇದಾರ ಕಚೇರಿಯ, ಅಂದರೆ ನಮ್ಮ ತಹಶೀಲ್ದಾರ್ ಕಚೇರಿಯ, ಆವರಣದ ಕ್ಯಾಂಟೀನಿನಲ್ಲಿ ಸಿಗುವ ಮಿಸಳ್ ಇದೆಯಲ್ಲ, ಮರಾಠಿ ಸಿನಿಮಾದವರಿಂದ ಹಿಡಿದು ಮಂತ್ರಿಗಳವರೆಗೆ ಅಲ್ಲಿ ನಿಂತು ತಿಂದಿದ್ದಾರೆ. ಕೆಂಪು ಕಟ್ಟಿನ ಮೇಲೆ ಎಣ್ಣೆ ತೇಲುತ್ತಿರುತ್ತದೆ, ಮೇಲೆ ಫರಸಾಣ್, ಈರುಳ್ಳಿ, ಪಕ್ಕದಲ್ಲಿ ಪಾವ್. ಮೊದಲ ಬಾರಿಗೆ ಹೋದವರು ‘ಮೀಡಿಯಂ’ ಎಂದು ಕೇಳುವುದೇ ಒಳ್ಳೆಯದು. ಮರಾಠಿ ಖಾರದ ಹೆಮ್ಮೆಯೆಂದು ಹೆಸರಾದ ಆ ಮಿಸಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು ಮುರ್ಡೇಶ್ವರ ಎಂಬ ಮನೆತನ. ನಮ್ಮ ಉತ್ತರ ಕನ್ನಡದ ಕಡಲತೀರದ ಹೆಸರು ಥಾಣೆಯ ನಾಲಿಗೆಯ ಮೇಲೆ ಎಷ್ಟು ಕಾಲದಿಂದ ಇದೆ ನೋಡಿ.

ನವಿಮುಂಬಯಿಯ ಕಥೆ ಬೇರೆ. ಅದು ಕಾಗದದ ಮೇಲೆ ಹುಟ್ಟಿದ ಊರು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಎಂಬ ವಾಸ್ತುಶಿಲ್ಪಿಗಳು ಮತ್ತು ಇಂಜಿನಿಯರ್ ಶಿರೀಷ್ ಪಟೇಲ್ 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಒಂದು ಪ್ರಸ್ತಾವ ಬರೆದರು: ಮುಂಬಯಿಯನ್ನು ಉತ್ತರಕ್ಕೆ ಎಳೆಯುತ್ತ ಹೋಗುವ ಬದಲು ಕೊಲ್ಲಿಯ ಆಚೆ ದಂಡೆಯಲ್ಲಿ ಹೊಸ ನಗರ ಕಟ್ಟಿ, ಕಚೇರಿಗಳನ್ನೂ ಅಲ್ಲಿಗೇ ಒಯ್ಯಿರಿ. ವೃತ್ತಿಪರರು ಪತ್ರಿಕೆಗೆ ಬರೆದ ಬರಹ ಒಂದು ನಗರಕ್ಕೇ ಕಾರಣವಾದ ಇಂಥ ಉದಾಹರಣೆ ನಮ್ಮ ದೇಶದಲ್ಲಿ ಬಹಳ ವಿರಳ. ಆ ನಗರವನ್ನು ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ 1970ರಲ್ಲಿ ಹುಟ್ಟಿತು. ಆದರೆ ರಾಜ್ಯದ ಸಚಿವಾಲಯವಾದ ‘ಮಂತ್ರಾಲಯ’ ಮುಂಬಯಿ ಬಿಟ್ಟು ಕದಲಲಿಲ್ಲ, ನರಿಮನ್ ಪಾಯಿಂಟ್‌ನಲ್ಲಿ ಸಮುದ್ರ ತುಂಬಿಸಿ ಕಚೇರಿ ಕಟ್ಟುವುದು ನಡೆದೇ ಇತ್ತು. ವಾಶಿಗೆ ಲೋಕಲ್ ಬರಲು 1992 ಆಗಬೇಕಾಯಿತು. ಈರುಳ್ಳಿ-ಆಲೂಗಡ್ಡೆ, ಹಣ್ಣು, ಮಸಾಲೆಗಳ ಸಗಟು ಮಾರುಕಟ್ಟೆಗಳು ಮುಂಬಯಿಯಿಂದ ಇಲ್ಲಿಗೆ ಸ್ಥಳಾಂತರವಾದವು, ಥಾಣೆ-ಬೇಲಾಪುರ ರಸ್ತೆಯ ರಾಸಾಯನಿಕ ಕಾರ್ಖಾನೆಗಳ ಸಾಲಿನಲ್ಲಿ ಐ.ಟಿ. ಪಾರ್ಕುಗಳು ಎದ್ದವು. ಈಗ ಐರೋಲಿ, ಮಹಾಪೆಯ ಕಚೇರಿಗಳಿಗೆ ಡೊಂಬಿವಲಿಯಿಂದ ಜನ ಹೋಗುತ್ತಾರೆ. ಲೋಕಲ್‌ನ ದಿಕ್ಕು ಅಷ್ಟರಮಟ್ಟಿಗೆ ಬದಲಾಗಿದೆ.

ಈ ಹೊಸ ನಗರಕ್ಕಾಗಿ 95 ಹಳ್ಳಿಗಳ ಜಮೀನು ಹೋಯಿತು. ಕಳೆದುಕೊಂಡವರು ಆಗ್ರಿ, ಕೋಳಿ ಸಮುದಾಯದ ರೈತರು, ಮೀನುಗಾರರು, ಉಪ್ಪಿನಗದ್ದೆಯವರು. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ಮುಂದಾಳತ್ವದ ಹೋರಾಟದ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು. ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮರಳಿಸುವ ಯೋಜನೆ ಬಂದದ್ದು ಆ ಹೋರಾಟದ ಫಲ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿಮುಂಬಯಿ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಬೇಕೆಂದು ಇಡೀ ಪ್ರದೇಶ ಬೀದಿಗಿಳಿದದ್ದು ಅದೇ ಋಣದಿಂದ. ನವಿಮುಂಬಯಿಯನ್ನು ಹೊಗಳಿ ಬರೆಯುವವರು ಅಗಲ ರಸ್ತೆ, ಉದ್ಯಾನ, ಸ್ವಚ್ಛತೆಯ ಪ್ರಶಸ್ತಿಗಳಿಂದ ಆರಂಭಿಸುತ್ತಾರೆ. ಈ ಐವರಿಂದ ಆರಂಭಿಸುವುದು ನ್ಯಾಯ ಎಂದು ನನ್ನ ಅಭಿಪ್ರಾಯ.

ಇಲ್ಲಿಯ ಫ್ಲಾಟುಗಳಿಗೆ ಬಂದ ನೌಕರರೂ ಸುಮ್ಮನೆ ಕೂರಲಿಲ್ಲ. ನೆರೂಲಿನ ಜೌಗು ಪ್ರದೇಶದಲ್ಲಿ ಗಾಲ್ಫ್ ಕೋರ್ಸ್, ಬಂಗಲೆಗಳು ಏಳುತ್ತವೆ ಎಂದಾಗ ನಾಗರಿಕರು ಕೋರ್ಟಿಗೆ ಹೋದರು, 2018ರಲ್ಲಿ ಬಾಂಬೆ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ನ್ಯಾಟ್‌ಕನೆಕ್ಟ್ ಫೌಂಡೇಶನ್‌ನ ಬಿ.ಎನ್. ಕುಮಾರ್ ಅವರಂಥವರು ನೆರೂಲಿನ ಡಿಪಿಎಸ್ ಕೆರೆಗೆ ಉಬ್ಬರದ ನೀರು ಬರುವ ದಾರಿ ಮುಚ್ಚಿಹೋಗಿದೆ ಎಂದು ಬರೆದೂ ಬರೆದೂ ಅಧಿಕಾರಿಗಳನ್ನು ಎಚ್ಚರಿಸಿದರು. 2024ರ ಬೇಸಿಗೆಯಲ್ಲಿ ಅಲ್ಲಿ ಫ್ಲೆಮಿಂಗೊಗಳು ಸತ್ತಾಗ ಅವರ ಮಾತು ಎಷ್ಟು ಸರಿಯಾಗಿತ್ತೆಂದು ಎಲ್ಲರಿಗೂ ಕಂಡಿತು. ಥಾಣೆ ಕೊಲ್ಲಿ 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಊರಿನ ಅಭಿಮಾನಿ ಎಂದರೆ ಊರನ್ನು ಹೊಗಳುವವನು ಎಂದಷ್ಟೇ ತಿಳಿದವರು ಇವರ ಕೆಲಸವನ್ನು ನೋಡಬೇಕು.

ಏಕೆಂದರೆ ಹೊಗಳಿಕೆಗೆ ಈ ಭಾಗದಲ್ಲಿ ಕೊರತೆಯಿಲ್ಲ. ಘೋಡ್‌ಬಂದರ್ ರೋಡಿನ ಉದ್ದಕ್ಕೂ ಬಿಲ್ಡರುಗಳ ಫಲಕಗಳು ಹೊಗಳುತ್ತಲೇ ಇವೆ. ಡೊಂಬಿವಲಿಯ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಇನ್ನೊಮ್ಮೆ ಭೀಕರ ಸ್ಫೋಟವಾಗಿ ಪ್ರತಿ ಸಲವೂ ಹತ್ತಕ್ಕೂ ಹೆಚ್ಚು ಜನ ಸತ್ತರು. ಸುತ್ತಲಿನ ಮನೆಗಳ ಗಾಜು ಪುಡಿಯಾಯಿತು. ಸಂಸ್ಕೃತಿಯ ನಗರ ಎಂದು ಕರೆಸಿಕೊಳ್ಳುವ ಊರು ಈ ಸಾವುಗಳ ಲೆಕ್ಕವನ್ನೂ ಕೇಳಬೇಕು. ಕೇಳುತ್ತಿರುವವರೂ ಇದ್ದಾರೆ. ಸ್ಥಳೀಯ ಪತ್ರಿಕೆಗಳು ಬೇಕಾಗುವುದು ಇಂಥ ಹೊತ್ತಿನಲ್ಲಿಯೇ. ಥಾಣೆಯಲ್ಲಿ 1975ರಲ್ಲಿ ನರೇಂದ್ರ ಬಲ್ಲಾಳರು ‘ಠಾಣೆವೈಭವ’ ಶುರುಮಾಡಿದಾಗ, ಮುಂಬಯಿಯ ದೊಡ್ಡ ಪತ್ರಿಕೆಗಳೆಲ್ಲ ಬೆಳಗಿನ ಮೊದಲ ಲೋಕಲ್‌ನಲ್ಲೇ ಬರುವ ಊರಿಗೆ ಇನ್ನೊಂದು ಏಕೆ ಎಂದು ಕೇಳಬಹುದಿತ್ತು. ಆದರೆ ಯಾವ ವಾರ್ಡಿಗೆ ನೀರು ಬಂದಿಲ್ಲ, ಯಾವ ಕೆರೆಗೆ ಮಣ್ಣು ಬಿತ್ತು ಎಂಬುದು ಮುಂಬಯಿಯ ಪತ್ರಿಕೆಗೆ ಸುದ್ದಿಯೇ ಅಲ್ಲ.

ಇಷ್ಟು ಹೇಳಿದ ಮೇಲೆ ನಮ್ಮವರ ವಿಷಯಕ್ಕೆ ಬರಬೇಕು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು. ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ ಶಾಲೆ ನಡೆಸುತ್ತಿದೆ. ವಾಶಿಯಲ್ಲಿ ಕನ್ನಡ ಭವನವಿದೆ. ಬಂಟರ ಸಂಘದ ಪ್ರಾದೇಶಿಕ ಸಮಿತಿಗಳು ಭಿವಂಡಿ-ಬದ್ಲಾಪುರದವರೆಗೂ ಇವೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಬಂದರೆ ಸಭಾಗೃಹ ತುಂಬುತ್ತದೆ. ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಹೋಟೆಲ್ ಮಾಲೀಕರಾದ ತಲೆಮಾರು ಇವನ್ನೆಲ್ಲ ಕಟ್ಟಿದ್ದು. ಅವರ ಬಗ್ಗೆ ಎಷ್ಟು ಗೌರವ ತೋರಿದರೂ ಸಾಲದು.

ಆದರೂ ಒಂದು ಮಾತನ್ನು ಹೇಳಲೇಬೇಕು. ನಮ್ಮವರ ದುಡಿಮೆಯ ಬೇರು ಇಲ್ಲಿದೆ, ಕನಸಿನ ಬೇರು ಊರಿನಲ್ಲಿದೆ. ಊರ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಥಾಣೆಯಿಂದ ಹೋಗುವ ಹಣ ನಮಗೆಲ್ಲ ಗೊತ್ತು. ಥಾಣೆಯ ಕೆರೆಗೆ, ಕಲ್ಯಾಣದ ವಾಚನಾಲಯಕ್ಕೆ ಎಷ್ಟು ಹೋಗಿದೆ? ಮುಂಬಯಿಯ ಕನ್ನಡ ಪತ್ರಿಕೆಗಳು ಸಂಘಗಳ ಕಾರ್ಯಕ್ರಮವನ್ನು ಪ್ರೀತಿಯಿಂದ ಅಚ್ಚು ಹಾಕುತ್ತವೆ. ಕಲ್ಯಾಣ-ಡೊಂಬಿವಲಿ ಪಾಲಿಕೆಯ ಬಜೆಟ್ಟಿನ ಬಗ್ಗೆ, ಮುಂಬ್ರಾ ತಿರುವಿನ ಬಗ್ಗೆ ಕನ್ನಡದಲ್ಲಿ ಬರೆಯುವ ಒಬ್ಬ ಲೆಕ್ಕಪರಿಶೋಧಕ, ಒಬ್ಬ ರೈಲ್ವೆ ಇಂಜಿನಿಯರ್ ನಮಗೆ ಬೇಕು.

ಅಂಥವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರು, ಔಷಧಿ ಕಾರ್ಖಾನೆಯಲ್ಲಿ ದುಡಿದ ಜಯಂತ ಕಾಯ್ಕಿಣಿ, ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಯಾಗಿದ್ದ ವ್ಯಾಸರಾವ್ ನಿಂಜೂರು ಕೆಲಸ ಮುಗಿಸಿ ಬಂದ ಮೇಲೆಯೇ ಕನ್ನಡಕ್ಕೆ ಮುಂಬಯಿಯನ್ನು ಕೊಟ್ಟವರು. ಅವರಿಂದಾಗಿ ಮುಂಬಯಿಯನ್ನು ಕಾಣದ ಕನ್ನಡ ಓದುಗನಿಗೂ ಅದರ ಗಲ್ಲಿಗಳು ಪರಿಚಯ. ಡೊಂಬಿವಲಿಯ ಫಡ್ಕೆ ರೋಡು, ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗಿನ ಖಾಡಿ, ಐರೋಲಿಯ ಕಾರ್ಖಾನೆಗಳ ಕ್ಯಾಂಟೀನು ಅಷ್ಟು ಗಾಢವಾಗಿ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ.

ಮಾಡಬಹುದಾದ ಕೆಲಸ ದೂರದ್ದೇನಲ್ಲ. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಗೆ ಊಟ-ತಿಂಡಿ ಒದಗಿಸಿದ ನಮ್ಮ ಹಿರಿಯರು ಈಗ ಎಂಬತ್ತು ದಾಟಿದ್ದಾರೆ. ಯಾವ ಕಾರ್ಖಾನೆ ಯಾವಾಗ ಮುಚ್ಚಿತು, ಯಾವ ಮುಷ್ಕರದಲ್ಲಿ ಎಷ್ಟು ದಿನ ಉದ್ರಿ ಕೊಟ್ಟರು, ಯಾವ ಸಹಕಾರಿ ಬ್ಯಾಂಕು ಮೊದಲ ಸಾಲ ಕೊಟ್ಟಿತು ಎಂಬುದೆಲ್ಲ ಅವರ ಬಾಯಲ್ಲಿದೆ. ಥಾಣೆಯ ಕೈಗಾರಿಕಾ ಚರಿತ್ರೆಯ ಆ ಅರ್ಧಭಾಗ ಯಾವ ಮರಾಠಿ ಇತಿಹಾಸಕಾರನಿಗೂ ಸಿಗದು, ಅದು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಇದೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಸಂಘಗಳಲ್ಲಿ ಯುವ ವಿಭಾಗಗಳಿವೆ, ಎಲ್ಲರ ಜೇಬಿನಲ್ಲೂ ರೆಕಾರ್ಡ್ ಮಾಡುವ ಫೋನಿದೆ. ಬರೆದಾದ ಮೇಲೆ ಒಂದು ಪ್ರತಿಯನ್ನು ಮರಾಠಿಗೆ ಅನುವಾದಿಸಿ ಥಾಣೆಯ ಗ್ರಂಥ ಸಂಗ್ರಹಾಲಯಕ್ಕೆ ಕೊಡಬೇಕು, ಇನ್ನೊಂದನ್ನು ಕಲ್ಯಾಣದ 1864ರ ವಾಚನಾಲಯಕ್ಕೆ. ಬರುವ ಯುಗಾದಿಯ ಸ್ವಾಗತಯಾತ್ರೆಯಲ್ಲಿ ಡೊಂಬಿವಲಿಯ ಕನ್ನಡಿಗರು ಒಂದು ಚಿತ್ರರಥ ಹೊರಡಿಸುವುದಾದರೆ, ಅದರ ಮೇಲೆ ಇರಬೇಕಾದದ್ದು ಆ ಹಿರಿಯರು ಊಟ-ತಿಂಡಿ ಒದಗಿಸಿದ ಕಾರ್ಖಾನೆ ಕ್ಯಾಂಟೀನಿನ ಚಿತ್ರವೇ.